ಒಂಬತ್ತನೆಯ ದಿನದ ಜ್ವರ

ಡಿಸೆಂಬರಿನಲ್ಲಿ ಹೊಸನಗರದ ಆಸ್ಪತ್ರೆಗೆ ಬರುವ ಜ್ವರಕ್ಕೆ
ಮನೆಯವರೇ ಹೆಸರಿಟ್ಟು ಕರೆತಂದಿರುತ್ತಾರೆ.
"ಮಂಗ ಸತ್ತಿತ್ತು ಡಾಕ್ಟ್ರೆ, ನಮ್ ಹಿತ್ಲಾಚೆಗೇ" ಅಂದ ಕೊಲ್ಲಪ್ಪ,
ಹೆಂಡತಿ ಹೂವಮ್ಮನನ್ನು ಬೆಂಚಿನ ಮೇಲೆ ಒರಗಿಸುತ್ತ.
ನಾನೂ ಅದನ್ನೇ ಬರೆದೆ.
ಮುಂದೊಂದು ಪ್ರಶ್ನೆಚಿಹ್ನೆ ಹಾಕಿದೆ, ಅಷ್ಟು ಸಮಾಧಾನ.

ರಕ್ತದ ಕೊಳವೆ ಐಸಿನ ಡಬ್ಬಿಯಲ್ಲಿ ಕೂತು
ಮಧ್ಯಾಹ್ನದ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಯಿತು
ಕಂಡಕ್ಟರನ ಕಾಲಬುಡದಲ್ಲಿ, ಟಿಕೇಟಿಲ್ಲದೆ.
ಎರಡು ದಿನಕ್ಕೆ ಫೋನು: ಮಂಗನ ಕಾಯಿಲೆ ಅಲ್ಲ.
ಮಲೇರಿಯಾ ಅಲ್ಲ. ಡೆಂಗಿ ಅಲ್ಲ.
ವೈಡಲ್ ಪರೀಕ್ಷೆ, ಎಂದಿನ ಹಾಗೆ, ಹೌದೂ ಅನ್ನದೆ ಅಲ್ಲವೂ ಅನ್ನದೆ
ಸಾಕ್ಷಿಗೆ ಕರೆದ ನೆಂಟನಂತೆ ನೆಲ ನೋಡಿತು.

ಮೂರು ದಿನದಿಂದ ಸೆಫ್ಟ್ರಿಯಾಕ್ಸೋನ್ ನರದೊಳಗೆ ಹನಿಯುತ್ತಿದೆ,
ಜ್ವರ ಅದರ ಕಡೆ ತಿರುಗಿಯೂ ನೋಡಿಲ್ಲ.
ಬೆಳಗಿನ ಜಾವ ತುಸು ಇಳಿದು
ಸಂಜೆ ಕೊಟ್ಟಿಗೆಗೆ ಬರುವ ದನದ ಹಾಗೆ
ಹೊತ್ತು ತಪ್ಪದೆ ಬರುತ್ತದೆ. ನೂರಾ ಮೂರು. ನೂರಾ ನಾಲ್ಕು.

ಎಂಟನೆಯ ದಿನ ಮಾತು ದಾರಿ ತಪ್ಪಿತು.
"ಇಳಿ ಮಗಾ, ಬಿದ್ದೀಯೆ" ಅಂದಳು, ಸೀಲಿಂಗ್ ಫ್ಯಾನಿಗೆ.
ಪ್ಲೇಟ್‌ಲೆಟ್ ನಲವತ್ತು ಸಾವಿರ.
ಉಸಿರು ನಿಮಿಷಕ್ಕೆ ಮೂವತ್ತು.
ಶಿವಮೊಗ್ಗಕ್ಕೆ ಕಳಿಸುವ ಪತ್ರ ಬರೆದಿಟ್ಟು
ಆಂಬುಲೆನ್ಸಿಗೆ ಕಾಯುತ್ತಿದ್ದೆ;
ಅದು ನಿಟ್ಟೂರಿನ ಕಡೆ ಹೆರಿಗೆಗೆ ಹೋಗಿತ್ತು.

ನಾನು ಬಿಜಾಪುರದ ಬಯಲಿನವ. ಇಲ್ಲಿಗೆ ಬಂದು ನಾಲ್ಕು ತಿಂಗಳು.
ಕೇಳಬೇಕಾದ್ದನ್ನು ಕೇಳಿದ್ದೆ. ಕೆಲಸ ಏನು?
"ದರಕು ಗುಡಿಸೋದು" ಅಂದಿದ್ದಳು.
ದರಕು ಅಂದರೆ ಮನೆಯ ಕಸ ಇರಬೇಕು ಅಂದುಕೊಂಡು
ಗೃಹಿಣಿ, ಎಂದು ಬರೆದಿದ್ದೆ.

ಒಂಬತ್ತನೆಯ ದಿನ
ಮೈ ಒರೆಸಲು ಜೈನಾಬಿ ಬಂದಳು, ಇಪ್ಪತ್ತಾರು ವರ್ಷದಿಂದ ಇಲ್ಲಿ ಆಯಾ.
ಪರದೆ ಎಳೆದು ನನ್ನನ್ನು ಆಚೆ ನಿಲ್ಲಿಸಿದಳು.
ಒದ್ದೆ ಬಟ್ಟೆ ಹಿಂಡುವ ಸದ್ದು. ಮತ್ತೊಮ್ಮೆ.
ಆಮೇಲೆ ನಿಂತಿತು.
"ಸಾರ್, ಇವ್ರಿಗೆ ಯಾರಾದ್ರೂ ಬೀಡಿ ಚುಚ್ಚಿದಾರಾ?"

ಎಡ ಮೊಲೆಯ ಕೆಳಗೆ, ಮಡಿಕೆಯೊಳಗೆ,
ಹುರುಳಿ ಕಾಳಿನಷ್ಟು ಕರಿ ಹಕ್ಕಳೆ,
ಸುತ್ತ ಕೆಂಪು ಉಂಗುರ.
ನೋವಿಲ್ಲ, ಕೀವಿಲ್ಲ, ತುರಿಕೆಯಿಲ್ಲ.
ಐದು ದಿನ ನನ್ನ ಸ್ಟೆತಾಸ್ಕೋಪು
ರವಿಕೆಯ ಮೇಲಿಂದಲೇ ಅದನ್ನು ದಾಟಿ ಹೋಗಿತ್ತು
ದೊಡ್ಡ ಮರ್ಯಾದಸ್ಥನ ಹಾಗೆ.

ನುಸಿಯ ಮರಿ, ಉಣುಗಿಗಿಂತ ಚಿಕ್ಕದು, ಕಣ್ಣಿಗೆ ಸಿಗದ್ದು,
ಇಲಿ ಓಡಾಡುವ ಪೊದೆಯಂಚಿನ ತರಗೆಲೆಯಲ್ಲಿ ಕಾದಿದ್ದು
ಸೀರೆ ಹತ್ತಿ, ಬಟ್ಟೆ ಎಲ್ಲಿ ಬಿಗಿಯೋ ಅಲ್ಲಿ ನಿಂತು
ಕಚ್ಚಿ ಹೋಗಿದೆ.
ಸ್ಕ್ರಬ್ ಟೈಫಸ್. ಕಾಲೇಜಿನಲ್ಲಿ ಐದು ಅಂಕದ ಪ್ರಶ್ನೆ.
ನನಗೆ ಐದೂ ಬಂದಿತ್ತು.

ಖಾತ್ರಿಗೆ ಮತ್ತೆ ರಕ್ತ, ಮತ್ತೆ ಅದೇ ಬಸ್ಸು.
ಆದರೆ ಉತ್ತರ ಬರಲಿ ಎಂದು ಕಾಯುವ ಜ್ವರವಲ್ಲ ಇದು.
ಮದ್ದು ಮೊದಲ ದಿನದಿಂದ ನಮ್ಮ ಕಪಾಟಿನಲ್ಲೇ ಇತ್ತು:
ಡಾಕ್ಸಿಸೈಕ್ಲಿನ್, ಬೀಡಿ ಕಟ್ಟಿಗಿಂತ ಅಗ್ಗ.
ನುಂಗಲಾರದವಳ ಮೂಗಿನ ನಳಿಗೆಯಲ್ಲಿ
ಪುಡಿ ಕರಗಿಸಿ ಇಳಿಸಿದೆವು. ಪತ್ರದಲ್ಲಿ ಹಳೆಯ ಹೆಸರು ಹೊಡೆದು
ಹೊಸದು ಬರೆದೆ. ಗೃಹಿಣಿಯನ್ನೂ ಹೊಡೆದೆ.
ದರಕು ಅಂದರೇನೆಂದು ಜೈನಾಬಿ ಹೇಳಿದ್ದಳು ಅಷ್ಟರಲ್ಲಿ,
ಕಾಡಿನ ಒಣಗಿದೆಲೆ, ಹೊರೆಗಟ್ಟಲೆ, ಎದೆಗವಚಿ ತರುವುದು.

ಮೂರನೆಯ ದಿನ ಕೊಲ್ಲಪ್ಪನ ಫೋನು.
"ಜ್ವರ ಬಿಡ್ತು. ಗಂಜಿ ಒಲ್ಲೆ ಅಂತಾಳೆ,
ಒಣಮೀನು ತಾ ಅಂತ ಜಗಳ."

ಜೈನಾಬಿಗೆ ಹೇಳಿದೆ. ನಕ್ಕಳು, ಬಕೆಟ್ಟು ಎತ್ತಿಕೊಂಡಳು.
ಹೋಗಲು ಬಿಡಬೇಕಿತ್ತು.
ಕೇಳಿಯೇಬಿಟ್ಟೆ: ಹೋದ ತಿಂಗಳು, ಆರನೇ ಹಾಸಿಗೆಯಲ್ಲಿ ಆ ಹುಡುಗ,
ಕಾರಣ ತಿಳಿಯದ ಜ್ವರ ಎಂದು ನಾನು ಬರೆದು ಮುಚ್ಚಿದ್ದು,
ಅವನ ಮೈ ಒರೆಸಿದ್ದು ಯಾರು?

ಅವಳು ಸ್ವಲ್ಪ ಹೊತ್ತು ನೀರು ನೋಡಿದಳು.
"ಆ ವಾರ ನಂಗೆ ರಜೆ ಇತ್ತು, ಸಾರ್."